ಫ್ರೀಜರ್ ಕೆಟ್ಟ ದಿನ ನನಗೆ ಯಾಕೆ ಫೋನ್ ಬರಲಿಲ್ಲ?

ಕಳೆದ ತಿಂಗಳು ಮಕ್ಕಳ ಕನ್ನಡ ಕಥೆಪುಸ್ತಕಗಳ ಬಗ್ಗೆ ಬರೆದಿದ್ದೆ. ಅದನ್ನು ಓದಿ ಸಿಡ್ನಿಯ ವೆಂಟ್‌ವರ್ತ್‌ವಿಲ್ ಕಡೆಯ ತಾಯಿಯೊಬ್ಬರು ಒಂದು ಪ್ರಶ್ನೆ ಕಳಿಸಿದರು. ಅವರ ಮಗಳು ಈಗ ಇಯರ್ ಫೋರ್. ಓಸಿ ಪರೀಕ್ಷೆಗೆ ಕೋಚಿಂಗ್, ಈಜು, ಪಿಯಾನೋ, ಜೊತೆಗೆ ಭಾನುವಾರ ಕನ್ನಡ ತರಗತಿ. ಯಾವುದಾದರೂ ಒಂದನ್ನು ಬಿಡಿಸಲೇಬೇಕು ಅನ್ನುವ ಪರಿಸ್ಥಿತಿ. "ಗಣಿತ ಬಂದರೆ ಬದುಕು ನಡೆಯುತ್ತೆ. ಕನ್ನಡ ಬಂದರೆ ಏನು ನಡೆಯುತ್ತೆ, ನೀವೇ ಹೇಳಿ. ನೀವೂ ಓದಿಯೇ ತಾನೇ ಮೇಲೆ ಬಂದಿದ್ದು?" ಅಂತ ಕೇಳಿದ್ದರು.

ಪ್ರಶ್ನೆ ಪ್ರಾಮಾಣಿಕವಾಗಿತ್ತು. ಅದಕ್ಕೇ ಸುಲಭದ ಉತ್ತರ ಕೊಡಲು ಮನಸ್ಸಾಗಲಿಲ್ಲ. ನಾನು ಓದಿ ಮೇಲೆ ಬಂದೆ ಅನ್ನುವುದು ಅರ್ಧ ನಿಜ. ಉಳಿದರ್ಧವನ್ನು ಇಲ್ಲಿಯವರೆಗೆ ಈ ಅಂಕಣದಲ್ಲಿ ಬರೆದಿರಲಿಲ್ಲ.

ನಮ್ಮ ಮನೆಯಲ್ಲಿ ನಾನು "ಓದೋ ಹುಡುಗಿ". ಹೈಸ್ಕೂಲಿನಿಂದಲೇ ನನಗೆ ಒಂದು ರಿಯಾಯಿತಿ ಇತ್ತು. ನೆಂಟರು ಬಂದರೆ ತಂಗಿ ನೀರು ತಂದುಕೊಡಬೇಕು, ಕಾಫಿ ಲೋಟ ಎತ್ತಬೇಕು, ಅವರ ಊರಿನ ಮಳೆ ಬೆಳೆ ಕೇಳಬೇಕು. ನಾನು ರೂಮಿನಿಂದ ಹೊರಗೆ ಬರದಿದ್ದರೂ ನಡೆಯುತ್ತಿತ್ತು. "ಅವಳಿಗೆ ಪರೀಕ್ಷೆ, ಮಾತಾಡಿಸಬೇಡಿ" ಅಂತ ಅಮ್ಮ ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇರುತ್ತಿತ್ತು. ನನಗೂ ಇತ್ತು. ಪಿಯುಸಿ ಹೊತ್ತಿಗೆ ಯಾರ ಮನೆಯ ಮದುವೆಗೂ ಹೋಗದಿರುವುದು ನನ್ನ ಸಾಧನೆಗಳ ಪಟ್ಟಿಯಲ್ಲೇ ಸೇರಿಬಿಟ್ಟಿತ್ತು.

24ನೇ ವಯಸ್ಸಿಗೆ ಪಿಎಚ್‌ಡಿಗೆಂದು ಸಿಡ್ನಿಗೆ ಬಂದೆ. ಮೊದಲ ವಾರ ಲಿಫ್ಟಿನಲ್ಲಿ ಒಬ್ಬರು "ಹೌ ಆರ್ ಯು ಗೋಯಿಂಗ್?" ಅಂದರು. ನಾನು "ಬೈ ಬಸ್" ಅಂದೆ. ನಗಬೇಡಿ, ನಿಮ್ಮಲ್ಲೂ ಅರ್ಧ ಜನ ಹೀಗೇ ಹೇಳಿರುತ್ತೀರಿ. ಅವರು ನಕ್ಕರು, ನಾನು ಕುಗ್ಗಿದೆ. ಆಮೇಲೆ ಹತ್ತೂವರೆಯ ಮಾರ್ನಿಂಗ್ ಟೀಗೆ ಹೋಗುವುದನ್ನೇ ಬಿಟ್ಟೆ. ಕ್ರಿಕೆಟ್ಟು, ಫುಟಿ, ವಾರಾಂತ್ಯದ ಕ್ಯಾಂಪಿಂಗ್ ಕುರಿತ ಹರಟೆಯಲ್ಲಿ ಇಪ್ಪತ್ತು ನಿಮಿಷ ಕಳೆಯುವ ಬದಲು ಒಂದು ಪೇಪರ್ ಓದಬಹುದಲ್ಲ ಅನ್ನುವುದು ನನ್ನ ವಾದ. ಎರಡು ವರ್ಷ ಹಾಗೆಯೇ ನಡೆಯಿತು. ಪ್ರಯೋಗಗಳೂ ಚೆನ್ನಾಗಿಯೇ ನಡೆದವು.

ನಮ್ಮ ವಿಭಾಗದಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರುಗಳನ್ನು ನೋಡಿಕೊಳ್ಳುವ ಒಬ್ಬ ತಂತ್ರಜ್ಞರಿದ್ದರು. ಅರವತ್ತರ ಆಸುಪಾಸು, ಮಿತಭಾಷಿ. ನನ್ನ ಮೇಜಿನಿಂದ ಎರಡು ಬಾಗಿಲಾಚೆ ಅವರ ಕೋಣೆ. ಏನಾದರೂ ಬೇಕಾದರೆ ನಾನು ಅವರಿಗೆ ಎರಡು ಸಾಲಿನ ಇಮೇಲ್ ಹಾಕುತ್ತಿದ್ದೆ. ಎದ್ದು ಹೋಗಿ ಕೇಳಿದ್ದು ಒಂದು ಸಲವೂ ನೆನಪಿಲ್ಲ.

ಮೂರನೇ ವರ್ಷದ ಈಸ್ಟರ್ ರಜೆ. ನಾಲ್ಕು ದಿನ ಕ್ಯಾಂಪಸ್ ಖಾಲಿ. ಶನಿವಾರ ರಾತ್ರಿ ಒಂದು ಫ್ರೀಜರ್ ಕೆಟ್ಟು ಅಲಾರಂ ಹೋಯಿತು. ಆ ಮನುಷ್ಯ ಮನೆಯಿಂದ ಕಾರು ಓಡಿಸಿಕೊಂಡು ಬಂದರು. ಪಕ್ಕದ ಫ್ರೀಜರಿನಲ್ಲಿ ಎಲ್ಲ ಡಬ್ಬಗಳಿಗೂ ಜಾಗವಿರಲಿಲ್ಲ. ಯಾರ ಯಾರ ಡಬ್ಬ ಯಾವುದು ಅಂತ ಗೊತ್ತಿತ್ತೋ ಅವರಿಗೆಲ್ಲ ಫೋನ್ ಮಾಡಿದರು. ಕೆಲವರು ಆ ರಾತ್ರಿಯೇ ಡ್ರೈ ಐಸ್ ಹೊಂದಿಸಿಕೊಂಡು ಬಂದರು. ಕೆಲವರು ಫೋನಿನಲ್ಲೇ ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಅಂತ ಹೇಳಿದರು. ನನ್ನ ಡಬ್ಬಗಳ ಮೇಲೆ ಎರಡು ಅಕ್ಷರದ ಇನಿಶಿಯಲ್ ಮಾತ್ರ ಇತ್ತು. ಆ ಎರಡು ಅಕ್ಷರ ಯಾರದ್ದು ಅಂತ ಅವರಿಗೆ ಗೊತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ನಾನು ಬಂದಾಗ 14 ತಿಂಗಳ ಸ್ಯಾಂಪಲ್‌ಗಳು ಕರಗಿ ನೀರಾಗಿದ್ದವು. ಅವರೇ ಬಂದು ಹೇಳಿದರು: "ಇವು ನಿನ್ನವು ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೆ ಖಂಡಿತ ಫೋನ್ ಮಾಡುತ್ತಿದ್ದೆ." ಅವರ ಮುಖದಲ್ಲಿ ನಿಜವಾದ ನೋವಿತ್ತು. ಬೈದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಥೀಸಿಸ್ ಏಳು ತಿಂಗಳು ತಡವಾಯಿತು. ಸ್ಕಾಲರ್‌ಶಿಪ್ ಮುಗಿದ ಮೇಲೂ ಉಳಿದ ಆ ತಿಂಗಳುಗಳನ್ನು ಟ್ಯೂಟರಿಂಗ್ ಮಾಡಿಕೊಂಡು, ಅಪ್ಪನ ಹತ್ತಿರ ದುಡ್ಡು ತರಿಸಿಕೊಂಡು ಕಳೆದೆ. ನಿವೃತ್ತರಾದ ಅಪ್ಪನಿಗೆ ಫೋನ್ ಮಾಡಿ ಕೇಳಿದ ಆ ಸಂಜೆಯ ನೆನಪು ಈಗಲೂ ಚುಚ್ಚುತ್ತದೆ.

ನಿಮ್ಮಲ್ಲಿ ಎಂಜಿನಿಯರುಗಳಿದ್ದರೆ ಈಗಾಗಲೇ ಅಂದುಕೊಂಡಿರುತ್ತೀರಿ, ಡಬ್ಬದ ಮೇಲೆ ಪೂರ್ತಿ ಹೆಸರು, ಫೋನ್ ನಂಬರ್ ಬರೆದಿದ್ದರೆ ಸಾಕಿತ್ತಲ್ಲ ಅಂತ. ಸರಿ. ಈಗ ಬರೆಯುತ್ತೇನೆ. ಆದರೆ ಫೋನ್ ಬಂದ ಎಷ್ಟೋ ಜನರ ಡಬ್ಬಗಳ ಮೇಲೂ ನಂಬರ್ ಇರಲಿಲ್ಲ. ಅವರು ಅವರಿಗೆ ಗೊತ್ತಿದ್ದವರು, ಅಷ್ಟೇ. ಟೀ ಕುಡಿಯುತ್ತಾ ಪರಿಚಯವಾದವರು.

ಆಮೇಲೆ ನಾನು ಮೆಲ್ಬರ್ನಿಗೆ ಬಂದೆ. ಇಲ್ಲಿ ವಿಜ್ಞಾನ ಮಾಡುವವರು ಒಂದಲ್ಲ ಒಂದು ದಿನ ಗ್ರೇಮ್ ಕ್ಲಾರ್ಕ್ ಅವರ ಕಥೆ ಕೇಳಿಯೇ ಕೇಳುತ್ತಾರೆ. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಬಯೋನಿಕ್ ಕಿವಿ ಅಂತ ನಾವು ಕರೆಯುವ ಸಾಧನದ ಹಿಂದಿನ ಸರ್ಜನ್ ಅವರು. ನನ್ನ ಫ್ರೀಜರ್ ಕಥೆಯ ಪಕ್ಕದಲ್ಲಿಟ್ಟು ನೋಡಿದಾಗ ಅದು ನನಗೆ ಬೇರೆಯದೇ ರೀತಿಯಲ್ಲಿ ಅರ್ಥವಾಯಿತು.

ಕ್ಲಾರ್ಕ್ ಹುಟ್ಟಿದ್ದು 1935ರಲ್ಲಿ, ಸಿಡ್ನಿಯ ನೈರುತ್ಯಕ್ಕಿರುವ ಕ್ಯಾಮ್ಡನ್ ಊರಿನಲ್ಲಿ. ಅವರ ತಂದೆ ಅಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದವರು. ತಂದೆಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಔಷಧಿ ಅಂಗಡಿಗೆ ಬಂದವರು ತಮ್ಮ ಕಾಯಿಲೆಯನ್ನು ಎಲ್ಲರೆದುರು ಜೋರಾಗಿ ಹೇಳಬೇಕಾದರೆ ಇಬ್ಬರಿಗೂ ಎಷ್ಟು ಮುಜುಗರ, ಊಹಿಸಿಕೊಳ್ಳಿ. ಹುಡುಗ ಆ ಅಂಗಡಿಯಲ್ಲಿ ಅದನ್ನು ನೋಡುತ್ತಾ ಬೆಳೆದ.

1970ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದಾಗ ಅವರ ಕೈಯಲ್ಲಿ ಹಣವಿರಲಿಲ್ಲ, ಅವರ ಯೋಚನೆಯಲ್ಲಿ ಹೆಚ್ಚಿನವರಿಗೆ ನಂಬಿಕೆಯೂ ಇರಲಿಲ್ಲ. ವಿದ್ಯುತ್ ಸಂಕೇತಗಳಿಂದ ಮಾತು ಅರ್ಥವಾಗುವಂತೆ ಮಾಡಲು ಸಾಧ್ಯವೇ ಇಲ್ಲ ಅಂತ ತಿಳಿದವರೇ ಹೇಳುತ್ತಿದ್ದ ಕಾಲ. ಕ್ಲಾರ್ಕ್ ಲಯನ್ಸ್, ಏಪೆಕ್ಸ್ ಥರದ ಕ್ಲಬ್ಬುಗಳಿಗೆ ಹೋಗಿ ಮಾತಾಡಿದರು. ಒಂದು ಟಿವಿ ಚಾನೆಲ್ ಅವರ ಕೆಲಸಕ್ಕಾಗಿ ಟೆಲಿಥಾನ್ ನಡೆಸಿ ಜನರಿಂದ ಹಣ ಕೂಡಿಸಿಕೊಟ್ಟಿತು. ನಾವು ಗ್ರಾಂಟ್ ಅರ್ಜಿ ಬರೆದು ಬರಲಿಲ್ಲ ಅಂತ ಗೊಣಗುತ್ತೇವೆ. ಅಂಗಡಿಯವರು, ರೈತರು, ಗೃಹಿಣಿಯರ ಮುಂದೆ ನಿಂತು ಒಳಗಿವಿಯೊಳಗಿನ ಸಂಗತಿಯನ್ನು ಅವರಿಗೆ ಅರ್ಥವಾಗುವಂತೆ ಹೇಳಿ ಜೇಬಿಗೆ ಕೈಹಾಕಿಸುವುದು ಬೇರೆಯೇ ವಿದ್ಯೆ.

1977ರಲ್ಲಿ ರಜೆಗೆ ನ್ಯೂ ಸೌತ್ ವೇಲ್ಸ್‌ನ ಮಿನ್ನಮುರ್ರಾ ಕಡಲತೀರಕ್ಕೆ ಹೋದಾಗ, ಶಂಖದಂಥ ಒಂದು ಚಿಪ್ಪಿನೊಳಗೆ ಹುಲ್ಲಿನ ಎಸಳು ತೂರಿಸುತ್ತಾ, ತುದಿ ಮೆದುವಾಗಿ ಬುಡ ಗಟ್ಟಿಯಾಗಿದ್ದರೆ ಅದು ಸುರುಳಿಯೊಳಗೆ ಸಲೀಸಾಗಿ ಹೋಗುತ್ತದೆ ಅಂತ ಅವರು ಕಂಡುಕೊಂಡದ್ದು ಎಲ್ಲರಿಗೂ ಪ್ರಿಯವಾದ ಭಾಗ. ಮಕ್ಕಳಿಗೆ ಖಂಡಿತ ಹೇಳಿ, ಇಷ್ಟಪಡುತ್ತಾರೆ. ಆದರೆ ನನ್ನನ್ನು ಹಿಡಿದಿಟ್ಟಿದ್ದು ಆಮೇಲಿನ ಭಾಗ. 1978ರ ಆಗಸ್ಟ್ 1ರಂದು ರಾಯಲ್ ವಿಕ್ಟೋರಿಯನ್ ಐ ಅಂಡ್ ಇಯರ್ ಆಸ್ಪತ್ರೆಯಲ್ಲಿ ಕ್ಲಾರ್ಕ್ ಮತ್ತು ಸಹ ಸರ್ಜನ್ ಬ್ರಯನ್ ಪೈಮನ್, ರಾಡ್ ಸಾಂಡರ್ಸ್ ಅನ್ನುವವರಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಕಾರು ಅಪಘಾತದಲ್ಲಿ ಕಿವಿ ಕಳೆದುಕೊಂಡಿದ್ದವರು ಅವರು. ಗಾಯ ಒಣಗಿದ ಮೇಲೆ ಯಂತ್ರ ಜೋಡಿಸಿದರೆ, ಮೊದಲಿಗೆ ಅವರಿಗೆ ಏನೂ ಕೇಳಿಸಲಿಲ್ಲ. ಒಂದು ಸಡಿಲ ಸಂಪರ್ಕದ ದೋಷ ಅಂತ ಆಮೇಲೆ ಗೊತ್ತಾಯಿತು. ಸರಿಪಡಿಸಿದ ಮೇಲೆ ರಾಷ್ಟ್ರಗೀತೆಯ ಧಾಟಿ ನುಡಿಸಿದಾಗ ಸಾಂಡರ್ಸ್ ಕೂತಲ್ಲಿಂದ ಎದ್ದು ನೆಟ್ಟಗೆ ನಿಂತರು. ಆಗ ಅದು 'ಗಾಡ್ ಸೇವ್ ದಿ ಕ್ವೀನ್'.

ಧಾಟಿ ಗುರುತಿಸಿದರೆ ಮಾತು ಅರ್ಥವಾದಂತಲ್ಲ. ಅಲ್ಲಿಂದ ತಿಂಗಳುಗಟ್ಟಲೆ ಸಾಂಡರ್ಸ್ ಲ್ಯಾಬಿಗೆ ಬಂದು ಕೂತರು. ಈ ಸದ್ದು ಹೇಗಿದೆ, ಆ ಸದ್ದಿಗಿಂತ ಚೂಪಾಗಿದೆಯೇ, ಅಂತ ಅವರನ್ನು ತಾಳ್ಮೆಯಿಂದ ಕೇಳುತ್ತಾ, ಅವರು ಹೇಳಿದ್ದನ್ನು ನಂಬುತ್ತಾ ತಂಡ ಮುಂದೆ ಹೋಯಿತು. ಸರ್ಜನ್, ಎಂಜಿನಿಯರ್, ಮಾತಿನ ತಜ್ಞರು, ಆಡಿಯಾಲಜಿಸ್ಟ್, ರೋಗಿ: ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದ ಗುಂಪು ಅದು. ಆಮೇಲೆ ಸಿಡ್ನಿಯ ಪಾಲ್ ಟ್ರೇನರ್ ಅವರ ನ್ಯೂಕ್ಲಿಯಸ್ ಕಂಪನಿ ಅದನ್ನು ಮಾರಾಟದ ಸಾಧನವಾಗಿ ಮಾಡಿತು. 1985ರಲ್ಲಿ ಅಮೆರಿಕದ ಎಫ್‌ಡಿಎ ವಯಸ್ಕರಿಗೆ ಒಪ್ಪಿಗೆ ಕೊಟ್ಟಿತು, 1990ರಲ್ಲಿ ಮಕ್ಕಳಿಗೆ. ಅದರಿಂದ ಬೆಳೆದ ಕಾಕ್ಲಿಯರ್ ಕಂಪನಿಯ ಮುಖ್ಯ ಕಚೇರಿ ಈಗ ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಆವರಣದಲ್ಲೇ ಇದೆ. ಮ್ಯಾಕ್ವಾರಿ ಪಾರ್ಕಿನಲ್ಲಿ ಕೆಲಸ ಮಾಡುವ ನಿಮ್ಮಲ್ಲಿ ಎಷ್ಟೋ ಜನ ದಿನಾ ಅದರ ಹತ್ತಿರವೇ ಓಡಾಡುತ್ತಿರುತ್ತೀರಿ.

ಸರಿ, ಇವೆಲ್ಲ ದೊಡ್ಡವರ ಕಥೆ. ಸಾಮಾನ್ಯ ಉದ್ಯೋಗದಲ್ಲಿ? ಹಾರ್ವರ್ಡಿನ ಅರ್ಥಶಾಸ್ತ್ರಜ್ಞ ಡೇವಿಡ್ ಡೆಮಿಂಗ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ಅಮೆರಿಕದ ಒಟ್ಟು ಉದ್ಯೋಗಗಳಲ್ಲಿ, ಜನರ ಜೊತೆ ಹೆಚ್ಚು ಒಡನಾಟ ಬೇಕಾದ ಕೆಲಸಗಳ ಪಾಲು 1980ರಿಂದ 2012ರ ನಡುವೆ ಸುಮಾರು ಶೇಕಡಾ 12 ಅಂಶಗಳಷ್ಟು ಹೆಚ್ಚಿತು. ಅದೇ ಅವಧಿಯಲ್ಲಿ ಗಣಿತ ಹೆಚ್ಚು ಬೇಕಾಗಿ ಒಡನಾಟ ಕಡಿಮೆ ಬೇಕಾದ ಕೆಲಸಗಳ ಪಾಲು ಸುಮಾರು 3.3 ಅಂಶ ಕುಗ್ಗಿತು. ಎರಡೂ ಬೇಕಾದ ಕೆಲಸಗಳಲ್ಲಿ ಬೆಳವಣಿಗೆ ಚೆನ್ನಾಗಿತ್ತು. ಅವರು ಕೊಡುವ ಕಾರಣ ಸರಳ. ತಂಡದಲ್ಲಿ ಪ್ರತಿಯೊಬ್ಬರೂ ತಮಗೆ ಚೆನ್ನಾಗಿ ಬರುವ ಕೆಲಸ ಮಾಡಿ, ಬಾರದ್ದನ್ನು ಇನ್ನೊಬ್ಬರಿಗೆ ಕೊಟ್ಟು ಪಡೆದುಕೊಳ್ಳುತ್ತಾರೆ. ಈ ಕೊಡುಕೊಳ್ಳುವಿಕೆಗೆ ತಗಲುವ ಖರ್ಚನ್ನು ಮಾತು ಬಲ್ಲವರು ಇಳಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿನ ಶಾಲೆಗಳಿಗೂ ಇದು ಗೊತ್ತು. ಆಸ್ಟ್ರೇಲಿಯನ್ ಪಠ್ಯಕ್ರಮ ಹೆಸರಿಸುವ 7 ಸಾಮಾನ್ಯ ಸಾಮರ್ಥ್ಯಗಳಲ್ಲಿ 'ವೈಯಕ್ತಿಕ ಮತ್ತು ಸಾಮಾಜಿಕ ಸಾಮರ್ಥ್ಯ' ಒಂದು. ಪೇರೆಂಟ್-ಟೀಚರ್ ಇಂಟರ್‌ವ್ಯೂನಲ್ಲಿ ಟೀಚರ್ ಅದರ ಬಗ್ಗೆ ಐದು ನಿಮಿಷ ಹೇಳಿದರೆ ನಾವು ತಲೆ ಆಡಿಸಿ, "ಮ್ಯಾತ್ಸ್ ಹೇಗಿದೆ?" ಅಂತ ಕೇಳುತ್ತೇವೆ. ಹೋದ ವರ್ಷ ನಾನೇ ಕೇಳಿದೆ. ಫ್ರೀಜರ್ ಕಥೆಯೆಲ್ಲ ಆದ ಮೇಲೂ!

ಇದಕ್ಕೂ ಒಂದು ಕೋಚಿಂಗ್ ಸೇರಿಸಿಬಿಡಿ ಅಂತ ನಾನು ಹೇಳುತ್ತಿಲ್ಲ. 'ಕಾನ್ಫಿಡೆನ್ಸ್ ಕ್ಲಾಸ್'ಗಳ ಬಗ್ಗೆ ನನಗೆ ಅಷ್ಟಕ್ಕಷ್ಟೆ. ನೆಂಟರ ಮುಂದೆ ಮಗುವನ್ನು ನಿಲ್ಲಿಸಿ "ಅಂಕಲ್‌ಗೆ ಒಂದು ಹಾಡು ಹೇಳು" ಅನ್ನುವ ನಮ್ಮ ಹಳೆಯ ಶಿಕ್ಷೆಯ ಹೊಸ ರೂಪ ಅವು. ಕಡಿಮೆ ಮಾತಾಡುವ ಮಗುವಿಗೆ ಏನೋ ಕೊರತೆ ಇದೆ ಅಂತಲೂ ಅಲ್ಲ. ಆ ಫ್ರೀಜರ್ ನೋಡಿಕೊಳ್ಳುತ್ತಿದ್ದವರು ದಿನಕ್ಕೆ ಹತ್ತು ವಾಕ್ಯ ಆಡುತ್ತಿದ್ದರೇನೋ. ಆದರೂ ಯಾರ ಡಬ್ಬ ಯಾವುದು ಅಂತ ಹೆಚ್ಚು ಕಡಿಮೆ ಎಲ್ಲವೂ ಗೊತ್ತಿತ್ತು.

ಈಗ ವೆಂಟ್‌ವರ್ತ್‌ವಿಲ್ ತಾಯಿಯ ಪ್ರಶ್ನೆಗೆ ಬರುತ್ತೇನೆ. ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?

2015ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 4ರಿಂದ 6 ವರ್ಷದ 72 ಮಕ್ಕಳ ಜೊತೆ ಒಂದು ಆಟ ಆಡಿದರು. ಮಗುವಿನ ಎದುರು ದೊಡ್ಡವರೊಬ್ಬರು, ನಡುವೆ ಗೂಡು ಗೂಡಾದ ಒಂದು ಶೆಲ್ಫ್. ಕೆಲವು ಗೂಡುಗಳು ದೊಡ್ಡವರಿಗೆ ಕಾಣದಂತೆ ಆ ಕಡೆಯಿಂದ ಮುಚ್ಚಿವೆ. ಮಗುವಿಗೆ ಮೂರು ಆಟದ ಕಾರು ಕಾಣುತ್ತವೆ: ದೊಡ್ಡದು, ನಡುವಿನದು, ಚಿಕ್ಕದು. ಎದುರಿನವರಿಗೆ ಚಿಕ್ಕದು ಕಾಣುವುದಿಲ್ಲ. ಅವರು "ಚಿಕ್ಕ ಕಾರನ್ನು ಸರಿಸು" ಅಂದರೆ, ಮಗು ಯಾವುದನ್ನು ಸರಿಸಬೇಕು? ಅವರಿಗೆ ಕಾಣುವುದರಲ್ಲಿ ಚಿಕ್ಕದನ್ನು, ಅಂದರೆ ನಡುವಿನದನ್ನು. ಒಂದೇ ಭಾಷೆಯಲ್ಲಿ ಬೆಳೆದ ಮಕ್ಕಳು ಸುಮಾರು ಅರ್ಧ ಸಲ ಮಾತ್ರ ಸರಿ ಮಾಡಿದರು. ಎರಡು ಭಾಷೆಯ ಮಕ್ಕಳು ಶೇಕಡಾ 77ರಷ್ಟು ಸಲ ಸರಿ.

ಇದಕ್ಕಿಂತ ಸ್ವಾರಸ್ಯ ಮೂರನೇ ಗುಂಪಿನದು. ಆ ಮಕ್ಕಳು ಎರಡನೇ ಭಾಷೆ ಮಾತಾಡುವವರಲ್ಲ. ಸುತ್ತಮುತ್ತ ಅದನ್ನು ಕೇಳುತ್ತಾ ಬೆಳೆದವರು. ಅವರದ್ದು ಶೇಕಡಾ 76. "ನಮ್ಮವನಿಗೆ ಕನ್ನಡ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ" ಅಂತ ನೊಂದುಕೊಂಡು ನನಗೆ ಬರೆಯುವವರೆಲ್ಲ ಈ ಸಂಖ್ಯೆಯನ್ನು ಫ್ರಿಜ್ ಮೇಲೆ ಅಂಟಿಸಿಕೊಳ್ಳಿ. ಯಾರಿಗೆ ಯಾವ ಭಾಷೆ ಬರುತ್ತೆ, ಯಾರಿಗೆ ಏನು ಅರ್ಥವಾಗಿಲ್ಲ ಅಂತ ದಿನವೂ ಗಮನಿಸಬೇಕಾದ ಮಗು, ಎದುರಿನವರ ಜಾಗದಲ್ಲಿ ನಿಂತು ನೋಡಲು ಕಲಿಯುತ್ತದೆ ಅನ್ನುವುದು ಸಂಶೋಧಕರ ವಿವರಣೆ. ವಿಜ್ಞಾನಿಯಾಗಿ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. 72 ಮಕ್ಕಳು ದೊಡ್ಡ ಸಂಖ್ಯೆಯಲ್ಲ. ದ್ವಿಭಾಷೆಯಿಂದ ಮಿದುಳು ಚುರುಕಾಗುತ್ತದೆ ಅನ್ನುವ ಬೇರೆ ಕೆಲವು ದೊಡ್ಡ ಮಾತುಗಳ ಬಗ್ಗೆ ವಿಜ್ಞಾನಿಗಳಲ್ಲೇ ಜಗಳವಿದೆ. ಆದರೆ ಈ ಫಲಿತಾಂಶ ನಮ್ಮ ಮನೆಯಲ್ಲಿ ನಾನು ಕಾಣುವುದಕ್ಕೆ ಹತ್ತಿರವಾಗಿದೆ.

ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯೂ'. ಕನ್ನಡದಲ್ಲಿ ಬಾಯಿ ತೆರೆಯುವ ಮೊದಲೇ ಎದುರಿನವರು ಯಾರು ಅಂತ ನೋಡಬೇಕು. ಅಮ್ಮನಿಗೆ ನೀನು, ಪಕ್ಕದ ಮನೆ ಅಂಕಲ್‌ಗೆ ನೀವು. ನನ್ನ ಅಮ್ಮನಿಗೆ ಪ್ರೀತಿಯಿಂದ ನೀನು, ನನ್ನ ಅತ್ತೆಗೆ ಗೌರವದಿಂದ ನೀವು. ಇಬ್ಬರೂ ಅಜ್ಜಿಯರೇ! "ಹೋಗ್ತೀನಿ" ಅಂದರೆ ತಪ್ಪು, "ಬರ್ತೀನಿ" ಅನ್ನಬೇಕು. "ಹೋಗ್ತಾ ಇದೀವಲ್ಲ, ಬರ್ತೀನಿ ಯಾಕೆ?" ಅಂತ ಮಗಳು ಕೇಳಿದಾಗ ಉತ್ತರಿಸಲು ನನಗೆ ಹತ್ತು ನಿಮಿಷ ಬೇಕಾಯಿತು. ಇನ್ನು ಹೋಳಿಗೆ ಬಡಿಸುವಾಗಿನ "ಬೇಡ". ನಮ್ಮವರ ಮೊದಲ ಬೇಡ ಅಂದರೆ ಬೇಡ ಅಂತಲ್ಲ. ಆಸ್ಟ್ರೇಲಿಯನ್ ಗೆಳತಿಯ ಬೇಡ ಅಂದರೆ ಬೇಡವೇ. ಹೋದ ಯುಗಾದಿಗೆ ನಾನು ಆಕೆಗೆ ಮೂರನೇ ಸಲ ಒತ್ತಾಯ ಮಾಡುತ್ತಿದ್ದಾಗ ಮಗಳೇ ಬಂದು ತಟ್ಟೆ ತೆಗೆದುಕೊಂಡು ಹೋದಳು.

ಆ ತಾಯಿಗೆ ನಾನು ಬರೆದದ್ದು ಇಷ್ಟು: ಕನ್ನಡ ತರಗತಿ ಬಿಡಿಸಿದರೆ ಆಕಾಶವೇನೂ ಬೀಳುವುದಿಲ್ಲ, ಓಸಿ ಸಿಗದಿದ್ದರೂ ಬೀಳುವುದಿಲ್ಲ. ನನ್ನನ್ನು ಕೇಳಿದರೆ ಕೋಚಿಂಗಿನ ಒಂದು ದಿನ ಕಡಿಮೆ ಮಾಡಿ. ಆದರೆ ಯಾವುದನ್ನು ಬಿಡಿಸಿದರೂ, ನೆಂಟರು ಬಂದಾಗ "ಅವಳಿಗೆ ಪರೀಕ್ಷೆ, ಮಾತಾಡಿಸಬೇಡಿ" ಅಂತ ಮಾತ್ರ ಹೇಳಬೇಡಿ.

ಹೋದ ತಿಂಗಳು ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಮಗಳಿಗೆ ಆರೂವರೆ ವರ್ಷ, ಗ್ರೇಡ್ ಒನ್. ತಿಪಟೂರಿನಲ್ಲಿರುವ ನನ್ನ ಅಮ್ಮನಿಗೆ ಈಗ ಕಿವಿ ಮಂದ. ಹಿಯರಿಂಗ್ ಏಡ್ ಇದೆ, ಅದು ಬೀರುವಿನಲ್ಲಿ ಡಬ್ಬದೊಳಗೆ ಭದ್ರವಾಗಿದೆ. ಭಾನುವಾರ ಅಲ್ಲಿ ಬೆಳಿಗ್ಗೆ 11 ಆದಾಗ ನಮಗೆ ಮಧ್ಯಾಹ್ನ ಮೂರೂವರೆ, ವಿಡಿಯೋ ಕಾಲ್. ಅವತ್ತು ಮಗಳು ಸೋಫಾದ ಮೇಲೆ ಉರುಳಾಡುತ್ತಾ, ಅರ್ಧ ಇಂಗ್ಲಿಷಿನಲ್ಲಿ, ಶಾಲೆಯ ತೋಟದ ಕೋಳಿ ಸತ್ತುಹೋದ ಸುದ್ದಿ ಹೇಳಿದಳು. ಅಜ್ಜಿ ಜೋರಾಗಿ ತಲೆ ಅಲ್ಲಾಡಿಸಿ, ನಗುತ್ತಾ, "ಭೇಷ್! ಒಳ್ಳೇದಾಯ್ತು ಪುಟ್ಟಿ" ಅಂದರು.

ಮಗಳು ಫೋನ್ ಬಿಸಾಕಿ ಅತ್ತಳು. ಕೋಳಿ ಸತ್ತರೆ ಅಜ್ಜಿಗೆ ಖುಷಿಯಂತೆ. ಸಮಾಧಾನ ಮಾಡಿ ಹೇಳಿದೆ, ಅಜ್ಜಿಗೆ ಕೇಳಿಸಿಲ್ಲ ಅಂತ.

"ಕೇಳಿಸ್ದೇ ಇದ್ರೆ ತಲೆ ಯಾಕೆ ಅಲ್ಲಾಡಿಸಿದ್ರು?"

"ಪ್ರತಿ ಸಲ ಏನು ಏನು ಅಂತ ಕೇಳೋಕೆ ಅವರಿಗೆ ಸಂಕೋಚ."

ಅವಳು ಬಹಳ ಹೊತ್ತು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಈ ಆರು ತಿಂಗಳಿನಿಂದ ನನ್ನ ಎಷ್ಟು ಮಾತಿಗೆ ಅಮ್ಮ ಹಾಗೆಯೇ ತಲೆ ಅಲ್ಲಾಡಿಸಿರಬಹುದು ಅಂತ ನನಗೂ ಆಗಲೇ ಹೊಳೆದದ್ದು.

ಮುಂದಿನ ಭಾನುವಾರ ಅವಳು ಕಿಟಕಿಯ ಬೆಳಕಿಗೆ ಮುಖ ಮಾಡಿ ನೆಟ್ಟಗೆ ಕೂತಳು. ಟಿವಿ ಆಫ್ ಮಾಡಿಸಿದಳು. ಮೊದಲು ಕೋಳಿಯ ಚಿತ್ರವನ್ನು ಕ್ಯಾಮೆರಾ ಹತ್ತಿರ ಹಿಡಿದು, ಆಮೇಲೆ ಒಂದೊಂದೇ ಪದ ಕನ್ನಡದಲ್ಲಿ, ತುಟಿ ಕಾಣುವ ಹಾಗೆ ಹೇಳಿದಳು: "ಅಜ್ಜಿ. ಕೋಳಿ. ಸತ್ತು ಹೋಯ್ತು. ಕೇಳಿಸ್ತಾ?"

ಅಮ್ಮ ಎಂದಿನಂತೆ ತಲೆ ಅಲ್ಲಾಡಿಸಲು ಹೊರಟವರು ಅರ್ಧಕ್ಕೆ ನಿಂತರು.

"ಇಲ್ಲ ಕಣೇ ಪುಟ್ಟಿ, ಪೂರ್ತಿ ಕೇಳಿಸ್ಲಿಲ್ಲ. ತಡಿ, ಬೀರುವಿಂದ ಆ ಡಬ್ಬ ತರ್ತೀನಿ."